ಬಿರುಕಿನ ಮೇಲಿನ ಕಡ್ಡಿ

...ಆ ಸ್ಟೂಲು ಬೇಡ ಅತ್ತಿಗೆ, ಅದರ ಒಂದು ಕಾಲು ಗಿಡ್ಡ. ಈ ಕುರ್ಚಿ ತಗೊಳ್ಳಿ. ತಡೀರಿ, ಮೇಲಿರೋ ಡಬ್ಬ ಎತ್ತಿಡ್ತೀನಿ... ಹಾಂ, ಈಗ ಕೂತ್ಕೊಳ್ಳಿ. ಮೇಜಿಗೆ ಒರಗಬೇಡಿ, ಬಟ್ಟೆಗೆ ಜೇಡಿ ಮೆತ್ತಿಕೊಳ್ಳುತ್ತೆ. ಒಗೆದ್ರೂ ಹೋಗಲ್ಲ ಅದು. ನಿಮಗೆ ನಾನು ಹೇಳಬೇಕಾ, ಹನ್ನೊಂದು ವರ್ಷ ಅಣ್ಣನ ಅಂಗಿ ಒಗೆದೋರು ನೀವು.

ಆ ಗಂಟು ಯಾಕೆ ಕೈಯಲ್ಲೇ ಹಿಡ್ಕೊಂಡಿದ್ದೀರಾ? ಇಲ್ಲಿಡಿ. ಅಣ್ಣನ ಕರ್ಚೀಫು ಅಲ್ವಾ ಅದು, ನೀಲಿ ಅಂಚಿಂದು? ಇಲ್ಲಿಟ್ಟಿರೋ ಅವನ ಪೆಟ್ಟಿಗೆ ಬೀಗದ ಕೈ ತಂದಿದ್ದೀರಾ? ಸರಿ ಸರಿ, ಬಿಚ್ಚಬೇಡಿ, ಆಮೇಲೆ ನೋಡೋಣ. ಅವಸರ ಏನಿದೆ.

ನೀರು ಕೊಡ್ಲಾ?... ಬೇಡ್ವಾ.

ನಿಜ ಹೇಳ್ತೀನಿ, ಬಾಗಿಲಲ್ಲಿ ನಿಮ್ಮನ್ನ ನೋಡಿದ ತಕ್ಷಣ ಎದೆ ಧಸಕ್ ಅಂತು. ಗಾಬರಿಯಿಂದ ಅಲ್ಲ... ಸಂತೋಷಕ್ಕೆ. ಅಣ್ಣನ್ನ ಮಣ್ಣು ಮಾಡಿ ಬಂದು ಒಂಬತ್ತು ದಿನ ಆಯ್ತು, ನೀವು ನನ್ನ ಹತ್ರ ಒಂದು ಮಾತು ಆಡಿಲ್ಲ. ಎಲ್ಲರ ಹತ್ರ ಆಡ್ತೀರಿ, ನಾನು ಬಂದ್ರೆ ಒಳಗೆ ಹೋಗ್ತೀರಿ. ಒಡಹುಟ್ಟಿದೋನಲ್ಲ ನಾನು, ಒಪ್ಕೊಳ್ತೀನಿ. ಪಕ್ಕದ ಮನೆಯೋನು. ಆದ್ರೂ ನಿಮ್ಮ ಮನೇಲಿ ಉಂಡು, ನಿಮ್ಮನ್ನ ಅತ್ತಿಗೆ ಅಂತ ಕರ್ಕೊಂಡು ಬಂದೋನು. ಈಗಲೂ ಮಾತಾಡದಿದ್ರೆ ಪರವಾಗಿಲ್ಲ. ಬಂದ್ರಲ್ಲ, ಅಷ್ಟು ಸಾಕು. ನಾನೇ ಮಾತಾಡ್ತೀನಿ. ನನ್ನ ಬಾಯಿ ಸುಮ್ಮನಿರಲ್ಲ ಅಂತ ನೀವೇ ಅಂತಿದ್ರಿ.

ಇದೇ ನೋಡಿ ನಮ್ಮ ಸಾಮ್ರಾಜ್ಯ. ಬೆಳಿಗ್ಗೆಯಿಂದ ಮುಂದಿನ ಅಂಗಡೀಲಿ ಊರೋರ ಗಡಿಯಾರ ರಿಪೇರಿ, ಮೂರು ಗಂಟೆ ಮೇಲೆ ಈ ಹಿಂದಿನ ಕೋಣೇಲಿ ಏಡಿ ರಿಪೇರಿ. ಎರಡಕ್ಕೂ ಅದೇ ಚಿಮಟ, ಅದೇ ಭೂತಗನ್ನಡಿ. ಅಣ್ಣ ರೇಗಿಸ್ತಿದ್ದ ನನ್ನ. ಮೊನ್ನೆ ನಿಂತ ಗಡಿಯಾರಕ್ಕೆ ಒಂದು ತಿಂಗಳು ತಗೊಳ್ತೀಯ, ಕೋಟಿ ವರ್ಷದ ಹಿಂದೆ ಸತ್ತ ಏಡೀನ ಮಾತ್ರ ಎರಡು ದಿನಕ್ಕೆ ಎಬ್ಬಿಸಿ ಕೂರಿಸ್ತೀಯ, ಅಂತ... ನಕ್ರಾ?

ಇಲ್ಲ. ತುಟಿ ಅಲ್ಲಾಡಿದ ಹಾಗೆ ಅನ್ನಿಸ್ತು.

ಇದು ದಬ್ಬಣ. ಇದರಲ್ಲಿ ಕಲ್ಲು ಕೆರೀಬೇಕು, ಒಂದೊಂದೇ ಕಾಳು. ಇದು ಹಲ್ಲುಜ್ಜೋ ಬ್ರಷ್ಷು. ನಿಮ್ಮ ಮನೆಯದೇ, ಅಣ್ಣ ಹಳೇದೆಲ್ಲ ಇಲ್ಲಿಗೆ ತರ್ತಿದ್ದ. ಮತ್ತೆ ಇದು ಉಂಡೆ, ಉಂಡೆಯಂಥ ಕಲ್ಲು. ಎತ್ತಿ ನೋಡಿ, ಭಾರ ಇದೆ. ಇಟ್ಟಿಗೆ ಕಾರ್ಖಾನೆ ಗುಂಡಿ ಇದೆಯಲ್ಲ... ಇದೆಯಲ್ಲ, ನಿಮಗೆ ಗೊತ್ತಲ್ಲ. ಅದು ಒಂದು ಕಾಲದಲ್ಲಿ ಸಮುದ್ರದ ತಳ. ಅಲ್ಲಿನ ಜೇಡಿಮಣ್ಣು ಬೂದುನೀಲಿ, ಬೆಣ್ಣೆ ಹಾಗೆ. ಇಟ್ಟಿಗೆ ಸುಡೋರಿಗೆ ಈ ಉಂಡೆ ಅಂದ್ರೆ ಶನಿ. ಮಣ್ಣು ಕಲೆಸೋ ಯಂತ್ರಕ್ಕೆ ಸಿಕ್ಕಿ ಹಲ್ಲು ಮುರೀತಿತ್ತು. ಅಣ್ಣ ಭಟ್ಟಿ ಮೇಸ್ತ್ರಿ ಆಗಿದ್ದಾಗ ಒಂದು ದಿನ ಸಿಟ್ಟಿಗೆ ಸುತ್ತಿಗೆಯಿಂದ ಒಂದು ಉಂಡೆ ಒಡೆದನಂತೆ. ಒಳಗೆ ಕಲ್ಲಾದ ಏಡಿ. ಕಾರ್ಖಾನೆ ಮುಚ್ಚಿ ಎಲ್ಲರೂ ಬೇರೆ ಕಡೆ ಹೋದ್ರು, ಅಣ್ಣ ಮಾತ್ರ ಆ ಗುಂಡಿ ಬಿಡಲಿಲ್ಲ.

ಈ ಡಬ್ಬ ನೋಡಿ. ಹೆದರಬೇಡಿ, ಇವು ಹೆಣ ಅಲ್ಲ. ಇದನ್ನ ಅಣ್ಣನೇ ಹೇಳಿಕೊಟ್ಟಿದ್ದು. ಏಡಿ ಬೆಳೀಬೇಕಾದ್ರೆ ಚಿಪ್ಪು ಕಳಚಬೇಕು. ಬೆನ್ನಿನ ಚಿಪ್ಪು ಹಿಂದುಗಡೆ ಎದ್ದಿದ್ರೆ... ಇಲ್ಲಿ, ಉಗುರಿನಷ್ಟು ಸಂದು ಕಾಣ್ತಿದೆಯಲ್ಲ?... ಅದು ಕಳಚಿದ ಚಿಪ್ಪು. ಏಡಿ ಆ ಸಂದಿನಿಂದ ಹೊರಗೆ ಬಂದು ತನ್ನ ಪಾಡಿಗೆ ಹೋಗಿದೆ, ಜೀವಂತ. ನಾವು ಇವಕ್ಕೆ ಅಂಗಿ ಅಂತಿದ್ವಿ. ನೂರು ಉಂಡೆ ಒಡೆದ್ರೆ ತೊಂಬತ್ತು ಅಂಗಿ. ಅಣ್ಣ ಒಡೆದು ನೋಡಿ, 'ಹೋಗಿದ್ದಾನೆ ಕಣೋ, ಅಂಗಿ ಬಿಟ್ಟು ಹೋಗಿದ್ದಾನೆ' ಅಂತ ಪಕ್ಕಕ್ಕೆ ಇಡ್ತಿದ್ದ.

ಯಾಕೆ ಹಾಗೆ ನೋಡ್ತೀರಾ?

ಗೊತ್ತಾಯ್ತು. ಆ ಮಾತು ನಿಮ್ಮ ಮನಸ್ಸಲ್ಲಿ ಇದೆ. ಅಣ್ಣ ಕಾಣೆಯಾದಾಗ ನಾನು ನಿಮ್ಮ ಹತ್ರ ಬಂದು ಎಲ್ಲೋ ಹೋಗಿರ್ತಾನೆ ಅತ್ತಿಗೆ, ಬರ್ತಾನೆ, ದೂರದ ಕಡಲ ದಂಡೇಲಿ ಹೊಸ ಜಾಗ ಇದೆ ಅಂತಿದ್ದ, ಅಲ್ಲಿಗೆ ಹೋಗಿರಬಹುದು, ಅಂದೆ. ಸಮಾಧಾನಕ್ಕೆ ಅಂದಿದ್ದು. ಅದನ್ನ ನೀವು ನಂಬಿ ನಲವತ್ತು ದಿನ ಬಾಗಿಲು ಕಾಯ್ತೀರಿ ಅಂತ ನನಗೇನು ಗೊತ್ತು? ಬೀದಿಯೋರು ಗಂಡ ಬಿಟ್ಟು ಹೋದ ಅಂತ ಬಾಯಿಗೆ ಬಂದಂಗೆ ಆಡ್ತಾರೆ ಅಂತ ಏನು ಗೊತ್ತು? ನಾನು ಅವರ ಜೊತೆ ಜಗಳ ಕೂಡ ಆಡ್ದೆ. ಕೇಳಿ ಬೇಕಾದ್ರೆ, ಮೂಲೆ ಮನೆ ಟೈಲರನ್ನ ಕೇಳಿ. ಮಳೆ ಬಂದು ಗುಂಡಿಯ ಮಣ್ಣು ಕೊಚ್ಚಿ ಹೋಗದೆ ಇದ್ದಿದ್ರೆ ಇವತ್ತಿಗೂ... ಬೇಡ ಬಿಡಿ.

ಅವತ್ತು ನನಗೆ ಜ್ವರ ಅತ್ತಿಗೆ. ಪೊಲೀಸರಿಗೂ ಅದನ್ನೇ ಹೇಳ್ದೆ. ಅಂಗಡಿ ಬಾಗಿಲು ಹಾಕ್ಕೊಂಡು ಇಲ್ಲೇ ಈ ಮಂಚದ ಮೇಲೆ ಬಿದ್ದಿದ್ದೆ. ಇಲ್ಲದಿದ್ರೆ ಅಣ್ಣನ್ನ ಒಬ್ಬನೇ ಬಿಡ್ತಿದ್ನಾ? ನಮ್ಮ ನಿಯಮ ನಿಮಗೆ ಹೇಳಿರ್ತಾನಲ್ಲ. ಒಬ್ಬ ಮೇಲೆ, ಒಬ್ಬ ಕೆಳಗೆ. ಮಳೆ ನಿಂತ ಮಾರನೇ ದಿನ ಉಂಡೆಗಳು ಚೆನ್ನಾಗಿ ಸಿಗ್ತವೆ, ತೊಳೆದಿಟ್ಟ ಹಾಗೆ ಹೊರಗೆ ಬಂದಿರ್ತವೆ. ಗುಂಡಿಯ ಮಣ್ಣುಗೋಡೆ ಜರುಗೋದೂ ಅವತ್ತೇ. ಅದಕ್ಕೆ ಕೆಳಗಿರೋನು ಹುಡುಕೋದು, ಮೇಲಿರೋನು ಬಿರುಕು ಕಾಯೋದು. ಗೋಡೆ ತುದೀಲಿ ಬಿರುಕು ಇರುತ್ತೆ, ಬೆರಳಗಲ. ಅದಕ್ಕೆ ಅಡ್ಡ ಒಂದು ಒಣಕಡ್ಡಿ ಇಡಬೇಕು, ಈ ದಡದಿಂದ ಆ ದಡಕ್ಕೆ. ಬಿರುಕು ಅಗಲ ಆದ್ರೆ ಕಡ್ಡಿ ಒಳಗೆ ಬೀಳುತ್ತೆ. ಬಿದ್ರೆ ಪೀಪಿ ಊದಬೇಕು. ಪೀಪಿ ಕೇಳಿದ್ರೆ ಕೆಳಗಿರೋನು ಕೈಲಿರೋದೆಲ್ಲ ಬಿಟ್ಟು ಓಡಬೇಕು. ಇಷ್ಟೇ. ಹನ್ನೊಂದು ವರ್ಷ ಒಂದು ಗೀರು ಆಗಿಲ್ಲ ನಮಗೆ.

ನಿಯಮ ಮಾಡಿದೋನೇ ಅವನು, ಒಬ್ಬನೇ ಹೋಗಿಬಿಟ್ಟ. ಅವನದೇ ತಪ್ಪು ಅಂತ ಹೇಳ್ತಿಲ್ಲ ನಾನು... ಆ ಉಂಡೆ ಮೇಜಿನ ಮೇಲೆ ಉರುಳಿಸಬೇಡಿ ಅತ್ತಿಗೆ, ಸದ್ದಾಗುತ್ತೆ.

ಆಸ್ಪತ್ರೇಲಿ ಅವನ ಕೋಟು ನೋಡಿ ನನಗೆ ಅಳು ತಡೆಯೋಕಾಗಲಿಲ್ಲ. ಆ ಕಂದು ಕೋಟು. ಜೇಬಿಗೆ ನೀವು ಹಸಿರು ದಾರ ಹಾಕಿದ್ರಲ್ಲ, ಅದನ್ನ ತೋರಿಸಿ ಎಷ್ಟು ನಗಾಡ್ದ. ಬಾಗಿಲಲ್ಲೇ ನಿಲ್ಲಿಸ್ಕೊಂಡು ಮೈ ಮೇಲಿದ್ದ ಹಾಗೇ ಹೊಲಿದಳು ಕಣೋ, ಕಂದು ಬಟ್ಟೆಗೆ ಹಸಿರು ದಾರ, ನನ್ನ ಮರ ಮಾಡಿ ಕಳಿಸಿದ್ದಾಳೆ, ಅಂತ...

ಏನಾಯ್ತು?

ಯಾಕೆ ತಲೆ ಎತ್ತಿದ್ರಿ?

ಅದು... ಅವನು ಹೋಗೋ ಹಿಂದಿನ ವಾರ ಯಾವಾಗಲೋ ಹೊಲಿದಿದ್ದು ತಾನೆ. ಆವಾಗ ಹೇಳಿರಬೇಕು. ಅವತ್ತು ಬೆಳಿಗ್ಗೆ ಅಲ್ಲ... ಅಲ್ಲ ಅಲ್ವಾ? ಹೊಲಿದೋರು ನೀವು, ನಿಮಗೇ ಚೆನ್ನಾಗಿ ಗೊತ್ತಿರುತ್ತೆ. ಅಥವಾ ಆಸ್ಪತ್ರೇಲೇ ನೋಡಿದ್ನೇನೋ ದಾರ. ಮಣ್ಣು ಒರೆಸಿ ನೋಡ್ದೆ. ಆ ಮರದ ತಮಾಷೆ ಬೇರೆ ಯಾವುದೋ ಕೋಟಿಂದು. ನಿದ್ದೆ ಇಲ್ಲ ಅತ್ತಿಗೆ ನನಗೆ, ಹಿಂದುಮುಂದು ಕಲಸಿಹೋಗುತ್ತೆ. ಸೆಖೆ ಆಗ್ತಿದೆಯಾ? ಕಿಟಕಿ ತೆಗೀತೀನಿ. ಮೋಡ ನೋಡಿ, ಮತ್ತೆ ಬರುತ್ತೆ ಮಳೆ.

ಅಯ್ಯೋ, ಆ ಬಟ್ಟೆ ಎತ್ತಬೇಡಿ!

ಇಲ್ಲ, ಪರವಾಗಿಲ್ಲ. ಎತ್ತಿದ್ರಲ್ಲ, ನೋಡಿ. ನಾನೇ ತೋರಿಸಬೇಕು ಅಂತಿದ್ದೆ. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ವಸ್ತುಸಂಗ್ರಹಾಲಯದಿಂದ ಪ್ರೊಫೆಸರ್ರು ಬರ್ತಾರೆ, ಇದನ್ನೇ ನೋಡೋಕೆ. ಫೋಟೋ ನೋಡಿ ಕುಣಿದುಬಿಟ್ರಂತೆ. ಈ ಜಾತಿ ಏಡಿ ಎಲ್ಲೂ ಸಿಕ್ಕಿಲ್ವಂತೆ, ಹೊಸ ಹೆಸರು ಇಡಬೇಕಂತೆ. ನಾನು ಏನು ಹೇಳೋನು ಗೊತ್ತಾ? ಅಣ್ಣನ ಹೆಸರೇ ಇಡಿ ಅಂತ. ನಿಮ್ಮಾಣೆ. ನನ್ನ ಹೆಸರು ಬೇಡವೇ ಬೇಡ.

ಹತ್ತಿರ ತಗೊಳ್ಳಿ ದೀಪಾನ. ಎಷ್ಟು ಚೆನ್ನಾಗಿದೆ ನೋಡಿ. ಅಂಗೈಯಗಲ. ಎಂಟು ಕಾಲೂ ಇವೆ, ಕಣ್ಣಿನ ಗುಳಿ ಇದೆ, ಬಾಯಿಯ ಕೂದಲಿನಂಥ ಎಳೆ ಕೂಡ ಇದೆ. ಇದು ಅಂಗಿ ಅಲ್ಲ ಅತ್ತಿಗೆ. ಬೆನ್ನು ಮುಚ್ಚಿದೆ, ಸಂದು ಇಲ್ಲ. ಇದು ಏಡಿಯೇ. ಸಾಮಾನ್ಯವಾಗಿ ಸತ್ತ ಏಡಿ ಇಷ್ಟು ಇಡಿಯಾಗಿ ಉಳಿಯಲ್ಲ, ಕಾಲು ಒಂದು ಕಡೆ ಮೈ ಒಂದು ಕಡೆ ಆಗುತ್ತೆ. ಹೀಗೆ ಉಳೀಬೇಕಾದ್ರೆ ಮಣ್ಣು ಒಂದೇ ಸಲ ಮೇಲೆ ಬಿದ್ದಿರಬೇಕು. ಓಡೋಕೆ ಹೊತ್ತಿಲ್ಲ, ಕಾಲು ಮಡಿಸೋಕೂ ಹೊತ್ತಿಲ್ಲ. ಅದಕ್ಕೇ ನೋಡಿ, ಕೈಯನ್ನ ಹೀಗೆ ಮುಖದ ಮುಂದೆ ಎತ್ತಿ...

ಕ್ಷಮಿಸಿ.

ನಾನು ಯಾವಾಗಲೂ ಹೀಗೇ, ಎಲ್ಲಿ ಏನು ಆಡಬೇಕು ಅಂತ ಗೊತ್ತಾಗಲ್ಲ. ಮುಚ್ಚಿಬಿಡ್ಲಾ?... ಸರಿ, ಇರಲಿ.

ಇದು? ಎರಡು ವರ್ಷ ಆಯ್ತು ಸಿಕ್ಕಿ. ನಾನೇ ಒಡೆದಿದ್ದು. ಚೀಟಿ ನೋಡಿ, ತಾರೀಕು ಬರೆದಿದ್ದೀನಿ. ಒಡೆಯುವಾಗ ಬಲಗಡೆ ಕೊಂಡಿ, ಅದೇ ಕಚ್ಚೋ ಕೈ, ಹಾರಿಹೋಯ್ತು, ಅದೊಂದೇ ಕೊರತೆ. ಎಡಗಡೆದು ಇದೆ, ಬಲಗಡೆ ಬರೀ ಮುರಿದ ಗಾಯ. ಆ ಚೂರು ಎಷ್ಟು ಹುಡುಕಿದ್ರೂ ಸಿಗಲಿಲ್ಲ... ಆವಾಗ. ಎರಡು ವರ್ಷದ ಹಿಂದೆ. ಹೋಗ್ಲಿ, ಪ್ರೊಫೆಸರ್ರು ಹಾಗೇ ಇರಲಿ ಅಂದಿದ್ದಾರೆ.

ಗಾಯದ ಬಣ್ಣನಾ? ನೀಲಿ ಇದೆ. ಹೌದು, ಹಳೇ ಗಾಯ ಗಾಳಿ ತಾಗಿ ಕಂದು ಆಗುತ್ತೆ ಸಾಮಾನ್ಯವಾಗಿ. ಅಣ್ಣ ಇದನ್ನೂ ಹೇಳಿಕೊಟ್ಟಿದ್ನಾ ನಿಮಗೆ? ಆ ಡಬ್ಬದಲ್ಲಿ ಇರೋವೆಲ್ಲ ಕಂದು, ನಿಜ. ಕೆಲವು ಹಾಗೇ ನೀಲಿ ಉಳಿಯುತ್ತವೆ. ಎಲ್ಲದಕ್ಕೂ ಕಾರಣ ಹೇಳೋಕಾಗಲ್ಲ ಅತ್ತಿಗೆ. ಕೈ ಒದ್ದೆ ಮಾಡ್ಕೊಂಡು ಮುಟ್ಟಬೇಡಿ, ದಯವಿಟ್ಟು.

ಆ ಗಂಟು ಈಗ ಯಾಕೆ? ಬೀಗದ ಕೈ ಆಮೇಲೆ ತೆಗೆದುಕೊಂಡ್ರಾಯ್ತು ಅಂದ್ನಲ್ಲ.

ಬೀಗದ ಕೈ ಅಲ್ವಾ.

ಏನಿದು... ಮಣ್ಣು. ಮಣ್ಣಿನ ಉಂಡೆ. ಯಾರು ಕೊಟ್ರು, ಆಸ್ಪತ್ರೆಯೋರಾ? ಅವರೇನು, ಕಸ ಎಲ್ಲ ಕಟ್ಟಿ ಕೊಡ್ತಾರೆ. ಇಲ್ಲಿ ಬಿಡಿ, ನಾನು ಎಸೀತೀನಿ... ಯಾಕೆ ಕೈ ಹಿಂದಕ್ಕೆ ತಗೊಂಡ್ರಿ? ಮುಷ್ಟಿ ಯಾಕೆ ಹಾಗೆ...

ಮುಷ್ಟೀಲಿ ಇತ್ತಾ? ಅಣ್ಣನ ಮುಷ್ಟೀಲಿ?

ಡಾಕ್ಟ್ರು ಬಿಡಿಸಿ ತೆಗೆದ್ರಾ?

ಅಲ್ಲ, ನನ್ನ ಹತ್ರ ಹೇಳಲಿಲ್ಲ ಯಾರೂ. ಕೋಟು ತೋರಿಸಿದ್ರು, ಬೂಟು ತೋರಿಸಿದ್ರು, ಮುಷ್ಟಿ ವಿಷಯ ಎತ್ತಲಿಲ್ಲ. ಹೋಗ್ಲಿ ಬಿಡಿ, ಕೆಳಗಿದ್ದೋನ ಕೈಲಿ ಏನಾದ್ರೂ ಇರುತ್ತೆ. ಕಲ್ಲೋ, ಮಣ್ಣೋ... ಆ ಬ್ರಷ್ಷು ಯಾಕೆ ತಗೊಂಡ್ರಿ? ಅದಕ್ಕೆ ನೀರು ಹಾಕಬೇಡಿ. ಉಜ್ಜಬೇಡಿ ಅತ್ತಿಗೆ. ಅದು ಕೆಲಸ ಗೊತ್ತಿರೋರು ಮಾಡೋದು, ಕೊಡಿ ಇಲ್ಲಿ. ಕೊಡಿ ಅಂದೆ!

ಸಿಟ್ಟಿಂದ ಹೇಳಿದ್ದಲ್ಲ. ತಪ್ಪು ತಿಳ್ಕೋಬೇಡಿ.

ಹೌದು. ಕೊಂಡಿ ಅದು. ಏಡಿ ಕೊಂಡಿ. ಅದರಲ್ಲೇನು ವಿಶೇಷ? ಆ ಗುಂಡೀಲಿ ಕೊಂಡಿ ಸಾವಿರ ಸಿಗ್ತವೆ. ಆ ಮೂಲೇಲಿ ಶೂ ಡಬ್ಬ ಕಾಣ್ತಿದೆಯಲ್ಲ, ಅದರ ತುಂಬ ಬರೀ ಕೊಂಡಿ. ಯಾವುದು ಯಾವ ಏಡಿಂದು ಅಂತ ಯಾರೂ ಹೇಳೋಕಾಗಲ್ಲ. ಎಡಗಡೆದಾ ಬಲಗಡೆದಾ ಅನ್ನೋದೇ ಗೊತ್ತಾಗಲ್ಲ ಎಷ್ಟೋ ಸಲ.

ಬಲಗಡೆದು. ಸರಿ. ಬಲಗಡೆದೇ.

ಕೂಡಿಸಬೇಡಿ.

ಅತ್ತಿಗೆ, ಒತ್ತಬೇಡಿ, ಅದು ಒಡೆದುಹೋಗುತ್ತೆ. ನಾಳೆ ಪ್ರೊಫೆಸರ್ರು ಬರ್ತಾರೆ. ಬೇಡ. ಬೇಡ ಅಂತ ಕೈ ಮುಗೀತೀನಿ...

...

ಕೂದಲು ತೂರೋಷ್ಟು ಸಂದೂ ಇಲ್ಲ.

ಎಷ್ಟು ಚೆನ್ನಾಗಿ ಕೂತ್ಕೊಳ್ತು ನೋಡಿ.

ಏನಾದ್ರೂ ಹೇಳಿ. ಬೈಯಿರಿ. ಎದ್ದು ಹೊಡೀರಿ ಬೇಕಾದ್ರೆ, ಸುತ್ತಿಗೆ ಅಲ್ಲೇ ಇದೆ.

ಸರಿ. ಇದ್ದೆ. ನಾನೂ ಇದ್ದೆ ಅವತ್ತು. ಜ್ವರ ಅಂತ ಹೇಳಿದ್ದು ಸುಳ್ಳು. ಆದ್ರೆ ಕೇಳಿ, ಕೇಳಿಸ್ಕೊಳ್ಳಿ ನನ್ನ ಮಾತು. ಗೋಡೆ ಒಂದೇ ಸಲ ಬಂತು. ಕಡ್ಡಿ ಬೀಳಲೇ ಇಲ್ಲ. ನಾನು ಅದನ್ನೇ ನೋಡ್ತಾ ಕೂತಿದ್ದೆ, ಇಟ್ಟ ಜಾಗದಲ್ಲೇ ಇತ್ತು. ಸದ್ದು ಬಂತು, ಕೆಳಗೆ ನೋಡ್ದೆ, ಅಣ್ಣ ನಿಂತಿದ್ದ ಜಾಗ ಇರಲಿಲ್ಲ. ಎರಡು ಆಳು ಎತ್ತರದ ಮಣ್ಣು ಅತ್ತಿಗೆ. ಕೈಯಲ್ಲಿ ತೋಡಿದೆ. ಉಗುರು ನೋಡಿ, ಇನ್ನೂ ಪೂರ್ತಿ ಬಂದಿಲ್ಲ. ಸತ್ತೇಹೋಗಿದ್ದ, ನಾನು ಯಾರನ್ನ ಕರೆದ್ರೂ ಸತ್ತೇ ಇರ್ತಿದ್ದ. ನಾನು ಮೇಲಿದ್ದೋನು. ಎಲ್ಲರೂ ಕೇಳೋದು ಒಂದೇ, ನೀನು ಏನು ನೋಡ್ತಿದ್ದೆ ಅಂತ. ಮನೆಗೆ ಬಂದೆ. ಬೂಟು ತೊಳೆದೆ. ಸಾಯಂಕಾಲ ನೀವು ಬಂದು 'ಅವರು ಇಲ್ಲಿದ್ದಾರಾ' ಅಂತ ಕೇಳಿದಾಗ ಒಂದು ಸುಳ್ಳು ಬಾಯಿಗೆ ಬಂತು. ಮಾರನೇ ದಿನ ಅದಕ್ಕೆ ಇನ್ನೊಂದು ಸೇರಿಸಬೇಕಾಯ್ತು. ಅಷ್ಟೇ ನಾನು ಮಾಡಿದ ತಪ್ಪು. ದೊಡ್ಡದೇ, ಇಲ್ಲ ಅನ್ನಲ್ಲ. ಕ್ಷಮಿಸಿ ಅಂತ ಕೇಳೋ ಮುಖವೂ ನನಗಿಲ್ಲ.

ಎಲ್ಲ ಹೇಳಿದ್ನಲ್ಲ.

ಇನ್ನೂ ಯಾಕೆ ನೋಡ್ತೀರಾ?... ಏಡಿ ಕಡೆ ಯಾಕೆ ಬೆರಳು ತೋರಿಸ್ತೀರಾ?

...

ಹೌದು. ಏಡಿ ನನ್ನ ಹತ್ರ, ಕೊಂಡಿ ಅವನ ಹತ್ರ.

ಒಡೆದಿದ್ದು ಅವನು. ಒಂದೇ ಏಟು. ನೋಡಿ ಮಗು ಹಾಗೆ ಕೂಗ್ದ, ಕರ್ಚೀಫಲ್ಲಿ ಸುತ್ತಿ ಮೇಲಕ್ಕೆ ಎಸೆದ. ಇನ್ನೊಂದು ಕರ್ಚೀಫು, ಇದರ ಜೋಡಿ... ಅದು ನನ್ನ ಹತ್ರ ಇದೆ, ಒಗೆದಿಟ್ಟಿದ್ದೀನಿ. ಸಾಮಾನು ಚೀಲಕ್ಕೆ ತುಂಬಿಕೊಂಡು ಹತ್ತಿ ಬರೋಕೆ ಶುರು ಮಾಡಿದ್ದ ಅತ್ತಿಗೆ. ಅರ್ಧ ದಾರಿ ಬಂದಿದ್ದ. ಹಸಿವು ಕಣೋ, ಮನೆಗೆ ಹೋಗೋಣ ಅಂದ. ನಾನು ಭೂತಗನ್ನಡಿ ಹಾಕಿ ನೋಡ್ತಿದ್ದೆ. ನಾನೇ ಕೂಗಿದ್ದು. ಅಣ್ಣಾ, ಬಲಗೊಂಡಿ ಇಲ್ಲ, ಅಲ್ಲೇ ಸಿಡಿದಿರಬೇಕು, ಒಂದ್ನಿಮಿಷ ನೋಡು, ಅಂತ. ಬೈಕೊಂಡು ವಾಪಸ್ ಇಳಿದ.

ಆಮೇಲೆ ಕಡ್ಡಿ ಬಿತ್ತು.

ಬಿತ್ತು ಅತ್ತಿಗೆ. ಬಿದ್ದಿದ್ದನ್ನ ನೋಡ್ದೆ. ಬೆಳಿಗ್ಗೆಯಿಂದ ಎರಡು ಸಲ ಗಾಳಿಗೆ ಬಿದ್ದಿತ್ತು, ಎರಡು ಸಲಾನೂ ಊದಿದ್ದೆ, ಅವನು ಓಡಿ ಹತ್ತಿ ಬಂದು ಏನೂ ಇಲ್ಲ ಅಂತ ಬೈದಿದ್ದ. ಇನ್ನೊಂದು ಸಲ ಸುಮ್ಮಸುಮ್ಮನೆ ಊದಿದ್ರೆ ಪೀಪಿ ಕಿತ್ತು ಬಿಸಾಕ್ತೀನಿ ಅಂದಿದ್ದ. ಇದೂ ಗಾಳಿಗೇ ಅಂದ್ಕೊಂಡೆ. ಅಂದ್ಕೊಳ್ಳೋಕೆ ನೋಡ್ದೆ. ಗಾಳಿ ಇರಲಿಲ್ಲ. ಊದಿದ್ರೆ ಅವನು ಎಲ್ಲ ಬಿಟ್ಟು ಓಡ್ತಾನೆ, ಆ ಚೂರು ತುಳಿದು ಮಣ್ಣಲ್ಲಿ ಹೋಗುತ್ತೆ, ಮತ್ತೆ ಸಿಗಲ್ಲ... ಕಡ್ಡಿ ಎತ್ತಿಕೊಂಡು ವಾಪಸ್ ಇಡೋಕೆ ಹೋದೆ. ಎಟುಕಲಿಲ್ಲ. ಆ ದಡಕ್ಕೆ ಎಟುಕಲಿಲ್ಲ ಅದು.

ಪೀಪಿ ನನ್ನ ಬಾಯಲ್ಲೇ ಇತ್ತು. ಹಲ್ಲಲ್ಲಿ ಕಚ್ಚಿಕೊಂಡಿದ್ದೆ.

ಇದಕ್ಕಿಂತ ಉದ್ದದ ಕಡ್ಡಿ ಹುಡುಕೋಕೆ ಹೋದೆ ಅತ್ತಿಗೆ. ಪೊದೆ ಹತ್ರ ಸಿಕ್ತು. ಎಲೆ ಎಲ್ಲ ತರಿದು ತಂದೆ. ಕೆಳಗಿಂದ 'ಸಿಕ್ತು ಕಣೋ' ಅಂದ. ಕೈ ಎತ್ತಿ ತೋರಿಸ್ದ.

ನಾನು ಆವಾಗ ಕೂತ್ಕೊಂಡು ಆ ಕಡ್ಡಿ ಇಡ್ತಿದ್ದೆ.